ನಿರ್ವಾಣಪ್ಪ ದೊರೆಯ ಆಕಳಿಕೆ ಅಚ್ಚು ಹಾಕಿದ್ದು

ಒಂದಾನೊಂದು ಊರಿನಲ್ಲಿ ನಿರ್ವಾಣಪ್ಪ ಎಂಬುವವನಿದ್ದ. ಅವನ ಕಂಪ್ಯೂಟರಿನಲ್ಲಿ ಲಿನಕ್ಸ್ ಇತ್ತು. ಲಿನಕ್ಸ್ ಎಂದರೇನು ಎಂದು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ತೊಡಕಾಗುತ್ತದೆ. ಅದು ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಅದನ್ನು ಯಾರು ಬೇಕಾದರೂ ಬಿಚ್ಚಬಹುದು, ನೋಡಬಹುದು, ತಿದ್ದಬಹುದು. ಕೆಟ್ಟರೆ ಯಾರನ್ನೂ ಬೈಯುವಂತಿಲ್ಲ, ಏಕೆಂದರೆ ಬಿಚ್ಚಿದವರು ನೀವೇ.

ಲಿನಕ್ಸಿನ ಜೊತೆಗೇ ನಿರ್ವಾಣಪ್ಪನ ತಲೆ ನರೆತಿತ್ತು. ಮನೆಗೆ ಯಾರೇ ಬರಲಿ, "ಲಿನಕ್ಸ್ ಹಾಕಿಸಿಕೊಳ್ಳಿ" ಎನ್ನುತ್ತಿದ್ದ. ನೆಗಡಿ ಎಂದವರಿಗೂ ಅದನ್ನೇ ಹೇಳುತ್ತಿದ್ದ. ಪಕ್ಕದ ಮನೆಯ ಸಾವಂತ್ರಮ್ಮ ಅಂಗಡಿಯಿಂದ ತಂದ ಕಂಪ್ಯೂಟರನ್ನು ತಂದ ಹಾಗೇ ಬಳಸುತ್ತಿದ್ದಳು. ಬಿಚ್ಚಲು ಬಾರದ ಅದಕ್ಕೆ ಅವನು 'ಜೈಲು' ಎಂದು ಹೆಸರಿಟ್ಟಿದ್ದ.

ಆ ಊರಿನ ದೊರೆಗೆ ತನ್ನ ಆಕಳಿಕೆಯೆಂದರೆ ಪ್ರಾಣ. ಒಂದು ದಿನ ಸಭೆಯಲ್ಲಿ ಹೇಳಿದ: "ನನ್ನ ಆಕಳಿಕೆಯ ಚಿತ್ರ ಅಚ್ಚಾಗಬೇಕು. ಅದು ಬಾಗಿಲಲ್ಲಿ ತೂಗುವವರೆಗೆ ನಾನು ಮತ್ತೆ ಆಕಳಿಸುವುದಿಲ್ಲ. ಯಾರು ಮಾಡುತ್ತೀರಿ?"

"ನಾನು!" ಎಂದ ನಿರ್ವಾಣಪ್ಪ. "ನನ್ನ ಲಿನಕ್ಸಿನಲ್ಲಿ ಆಗದ ಕೆಲಸವೇ ಇಲ್ಲ, ಬುದ್ಧಿ."

"ಆಗದಿದ್ದರೆ?"

"ಲಿನಕ್ಸ್ ಎಂಬ ಮಾತನ್ನೇ ಇನ್ನು ಬಾಯಲ್ಲಿ ಆಡುವುದಿಲ್ಲ."

ಅವನಿಗೆ ಅದಕ್ಕಿಂತ ದೊಡ್ಡ ಆಣೆ ಗೊತ್ತಿರಲಿಲ್ಲ. ದೊರೆ ಚಿತ್ರವಿದ್ದ ಪೆನ್‌ಡ್ರೈವ್ ಕೊಟ್ಟು ಬಾಯಿ ಮುಚ್ಚಿಕೊಂಡ.

ಮನೆಯಲ್ಲಿ ಪ್ರಿಂಟರ್ ಚೆನ್ನಾಗಿಯೇ ಇತ್ತು. ಹಿಂದಿನ ದಿನ ಉಪ್ಪಿನಕಾಯಿ ಭರಣಿಗೆ ಚೀಟಿ ಅಚ್ಚು ಹಾಕಿತ್ತು. ಗುಂಡಿ ಒತ್ತಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನೆಟ್ಟಗಿರುವುದನ್ನು ಇನ್ನೂ ನೆಟ್ಟಗೆ ಮಾಡುವುದು ಲಿನಕ್ಸಿನವರ ಚಾಳಿ. "ದೊರೆಯ ಕೆಲಸ, ಮೊದಲು ಎಲ್ಲವನ್ನೂ ಹೊಸತು ಮಾಡೋಣ" ಎಂದು ಅಪ್‌ಡೇಟ್ ಹಾಕಿದ.

ಹೊಸತಾದ ಪ್ರಿಂಟರ್ ಕೇಳಿತು, "ಯಾರಪ್ಪಾ ನೀನು?"

"ನಿನ್ನೆ ತಾನೇ ಉಪ್ಪಿನಕಾಯಿ ಚೀಟಿ..."

"ಅದು ನಿನ್ನೆಯ ಪ್ರಿಂಟರ್. ನಾನು ಬಾಯಿ ಬಿಡಬೇಕಾದರೆ ಹೊಸ ಶಾಯಿ ಬೇಕು."

ಶಾಯಿ ಹೇಳಿತು, "ನಾನು ಹರಿಯಬೇಕಾದರೆ ಹೊಸ ಅಕ್ಷರ ಬೇಕು."

ಅಕ್ಷರ ಹೇಳಿತು, "ನಾನು ಮೂಡಬೇಕಾದರೆ ಹೊಸ ಗಡಿಯಾರ ಬೇಕು."

ಗಡಿಯಾರ ಹೇಳಿತು, "ನಾನು ನಡೆಯಬೇಕಾದರೆ ನಿನ್ನೆಯ ಪ್ರಿಂಟರ್ ಬೇಕು."

"ಅದೆಲ್ಲಿದೆ?"

"ನಿನ್ನೆಯಲ್ಲಿದೆ."

ಆಗ ಕಂಪ್ಯೂಟರ್ ವಿನಯದಿಂದ ಕೇಳಿತು, "ಗಡಿಯಾರವನ್ನು ತೆಗೆಯಲಾ? ತೆಗೆದರೆ ಅದರ ನೆಂಟರೂ ಹೋಗುತ್ತಾರೆ." ಇಂಥ ಪ್ರಶ್ನೆಗಳನ್ನು ಅವನು ಎಂದೂ ಪೂರ್ತಿ ಓದಿದವನಲ್ಲ. "ಹೂಂ" ಎಂದ. ಗಡಿಯಾರ ಹೋಯಿತು. ಗಡಿಯಾರದ ಹಿಂದೆ ಸದ್ದು ಹೋಯಿತು. ಸದ್ದಿನ ಹಿಂದೆ ಬಣ್ಣ ಹೋಯಿತು. ಬಣ್ಣದ ಹಿಂದೆ ಬೆಳಕು ಹೋಯಿತು. ಕಪ್ಪು ಗಾಜಿನಲ್ಲಿ ನಿರ್ವಾಣಪ್ಪನ ಮುಖವೊಂದೇ ಉಳಿಯಿತು.

ಅರಮನೆಯ ಆಳು ಬಾಗಿಲು ಬಡಿದ. "ಬೇಗ ಸ್ವಾಮೀ! ದೊರೆಗೆ ಆಕಳಿಕೆ ಬಾಯಿ ತುದಿಗೆ ಬಂದಿದೆ. ಮಂತ್ರಿಗಳು ದವಡೆ ಹಿಡ್ಕೊಂಡಿದ್ದಾರೆ!"

ನಿರ್ವಾಣಪ್ಪ ತಲೆಗೆ ಟವೆಲ್ ಹೊದ್ದು, ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಚ್ಚಿಟ್ಟು, ಹಿತ್ತಲಿನಿಂದ ಸಾವಂತ್ರಮ್ಮನ ಮನೆಗೆ ಹೋದ.

"ಅಕ್ಕಾ, ಒಂದು ಹಾಳೆ..."

"ನನ್ನ ಜೈಲಿನಲ್ಲಾ?"

ಅವನು ಪೆನ್‌ಡ್ರೈವ್ ಚಾಚಿದ. ಅವಳು ಗುಂಡಿ ಒತ್ತಿದಳು. ಹಾಳೆ ಬಂತು.

"ಆ ಟವೆಲ್ ತೆಗಿ ಮಾರಾಯ. ನಿನ್ನ ನಡಿಗೇಲೇ ಗುರುತು ಸಿಗುತ್ತೆ."

ಚಿತ್ರ ಬಾಗಿಲಲ್ಲಿ ತೂಗಿತು. ದೊರೆ ಆಕಳಿಸಿದ. ಅದನ್ನು ನೋಡಿ ಮಂತ್ರಿಗಳು ಆಕಳಿಸಿದರು. "ಭಲೇ ಲಿನಕ್ಸ್!" ಎಂದ ದೊರೆ. "ಇನ್ನು ಎಲ್ಲರ ಮನೆಯಲ್ಲೂ ಅದೇ ಇರಲಿ! ನಿರ್ವಾಣಪ್ಪನೇ ಹಾಕಲಿ!"

ಜೀವಮಾನವೆಲ್ಲ ಅವನು ಕೇಳಲು ಕಾದಿದ್ದ ಮಾತು ಅದು. ಈಗ ಚೇಳು ಕುಟುಕಿದಂತಾಯಿತು. ನಿಜ ಹೇಳಲು ಬಾಯಿ ತೆರೆದ. ಆಕಳಿಕೆ ಬಂತು.

ಮೊದಲ ಮನೆ ಸಾವಂತ್ರಮ್ಮನದೇ. "ಬಾ, ಹಾಕು" ಎಂದಳು. "ಆದ್ರೆ ಮುಂದಿನ ಸಲ ಟವೆಲ್ ಹೊದ್ಕೊಂಡು ಯಾರ ಮನೆಗೆ ಹೋಗ್ತೀಯ?"

ಅವಳ ಕಂಪ್ಯೂಟರ್ ಕೇಳಿತು, "ಇಲ್ಲಿರುವುದನ್ನೆಲ್ಲ ಅಳಿಸಲಾ?" ಆ ಪ್ರಶ್ನೆಯನ್ನು ಅವನು ಮೊದಲ ಸಲ ಪೂರ್ತಿ ಓದಿದ. "ಬೇಡ" ಎಂದ. ನೆಟ್ಟಗೆ ಅರಮನೆಗೆ ಹೋಗಿ ಎಲ್ಲ ಹೇಳಿದ. ಹೇಳುವಾಗ ಕಿವಿ ಕೆಂಡವಾಗಿತ್ತು. ದೊರೆ ಆಣೆಯ ಪ್ರಕಾರ ಲಿನಕ್ಸ್ ಎಂಬ ಮಾತನ್ನು ಅವನ ಬಾಯಿಂದ ತೆಗೆದು ಖಜಾನೆಯಲ್ಲಿಟ್ಟು ಬೀಗ ಹಾಕಿದ.

ಈಗಲೂ ಆ ಊರಿನಲ್ಲಿ ಯಾರಾದರೂ ಕಂಪ್ಯೂಟರ್ ಕೆಟ್ಟಿತು ಎಂದರೆ ನಿರ್ವಾಣಪ್ಪ ಬಾಯಿ ತೆರೆಯುತ್ತಾನೆ. ಮಾತು ಖಜಾನೆಯಲ್ಲಿದೆ. ನಾಚಿ, ಆಕಳಿಸಿ, ಸಾವಂತ್ರಮ್ಮನ ಮನೆಯ ಕಡೆ ಕೈ ತೋರಿಸುತ್ತಾನೆ. ಆಮೇಲೆ ಒಳಗೆ ಹೋಗಿ ಆ ಕಪ್ಪು ಗಾಜಿನ ಮುಂದೆ ಕೂತು, ಸದ್ದಿಲ್ಲದೆ ಮತ್ತೆ ಬಿಚ್ಚುತ್ತಾನೆ.

ನೀತಿ ಏನೆಂದರೆ, ಉಪ್ಪಿನಕಾಯಿ ಚೀಟಿ ಕೊಟ್ಟ ಪ್ರಿಂಟರಿಗೆ ಬುದ್ಧಿ ಕಲಿಸಬಾರದು. ಕತೆ ಆಕಳಿಸಿತು, ಕೇಳಿದವರು ಬಾಯಿ ಮುಚ್ಚಿಕೊಂಡು ಮನೆಗೆ ಹೋದರು.