ಎಡೆಗಿಟ್ಟ ಕುಲ್ಫಿ

ಮಾರ್ಕೆಟ್ ಸಂಘದ ಅಧ್ಯಕ್ಷರು ಕುಲ್ಫಿ ಕಂಡು ಓಡಿದ್ದೇಕೆ, ಹೇಳಿ ನೋಡೋಣ? ನಾನು ಎದುರಿಗೇ ಕೂತಿದ್ದೆ ಸ್ವಾಮಿ!

ದಾವಣಗೆರೆಯ ನಮ್ಮ ಬೀದಿಯ ಮಿಠಾಯಿ ಅಂಗಡಿಗೆ ಅವರು ದಿನಾ ಬರುವರು. "ರುಚಿ ನೋಡ್ತೀನಿ" ಎಂದು ಬಿಟ್ಟಿಯಾಗಿ ನಾಲ್ಕು ಕುಲ್ಫಿ ಮುಗಿಸುವರು. ಇನ್ನೊಂದು ಕುಲ್ಫಿ ಹೀಗೆ ಹೋದರೆ ಕೆಲಸ ಬಿಡಿಸುತ್ತೇನೆಂದು ಮಾಲೀಕರು ಕೆಲಸದ ಚೆನ್ನವ್ವನನ್ನು ಗದರಿಸಿದ್ದರು.

"ತೆಗಿಯೇ ಫ್ರೀಜರು!" ಎಂದರು ಅಂದೂ ಬಂದ ಅಧ್ಯಕ್ಷರು.

"ತಡೀರಿ ಸಾಹೇಬ್ರೆ," ಚೆನ್ನವ್ವ ಪಿಸುಗುಟ್ಟಿದಳು. "ತೀರಿಹೋದ ಹಿರೇ ಯಜಮಾನ್ರಿಗೆ ಎಡೆ ಇಟ್ಟು ಮುಚ್ಚೀನಿ. ಉಣ್ಣೋವಾಗ ತೆಗೀಬಾರ್ದು."

ಒಳಗೆ ಗುರ್ರ್ ಎಂದಿತು. ಅವಳು ಮುಚ್ಚಳ ತಟ್ಟಿ, "ಯಜಮಾನ್ರೆ, ಊಟ ಆಯ್ತಾ?" ಎಂದಳು. ಇನ್ನೊಂದು ಕೈ ಸ್ವಿಚ್ಚಿನ ಮೇಲಿತ್ತು, ನಾನು ನೋಡಿದೆ. ಫ್ರೀಜರು ನಡುಗಿ ಗಪ್ಪಾಯಿತು.

ಅಧ್ಯಕ್ಷರ ಮುಖವನ್ನೇ ನೋಡುತ್ತ ಮುಚ್ಚಳ ಎತ್ತಿದಳು. ಬಿಳಿ ಹೊಗೆ ಎದ್ದಿತು. ಮೇಲಿದ್ದ ಪಿಸ್ತಾ ಕುಲ್ಫಿಯಲ್ಲಿ ಹಲ್ಲಿನ ಗುರುತು!

"ಉಳಿದಿದ್ದು ನಿಮಗಂತೆ, ತಗೊಳ್ಳಿ."

ಅಧ್ಯಕ್ಷರು ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಟ!

"ಭಲೇ! ಮೊದಲೇ ಕಚ್ಚಿಟ್ಟಿದ್ಯಾ?" ಎಂದು ನಕ್ಕೆ.

"ಹ್ಞೂಂ ಸರ್, ಕೇಸರಿದು." ಅವಳು ಒಳಗೆ ಬಗ್ಗಿ ನೋಡಿದಳು. ನಗು ನಿಂತಿತು. "ಪಿಸ್ತಾ ನಾ ಮುಟ್ಟೇ ಇಲ್ಲ."

ಅಂದು 2023ರ ಅಕ್ಟೋಬರ್ ಹದಿನಾಲ್ಕು, ಶನಿವಾರ. ಹಿರಿಯರು ಉಣ್ಣಲು ಬರುವ ಮಹಾಲಯ ಅಮಾವಾಸ್ಯೆ.