ನೂಜಾರಿವೋಂ ಅಂದ ಹಲಗಯ್ಯ

ಕರಡಿಗುಡ್ಡದ ಕೋಟೆಯೊಳಗೆ ಫ್ರೆಂಚರ ದಂಡು ಬೀಡುಬಿಟ್ಟಿದ್ದ ಕಾಲ. ದಂಡಿಗೆ ರೊಟ್ಟಿ ಸುಟ್ಟುಕೊಡುತ್ತಿದ್ದ ಚಲುವಮ್ಮನಿಗೆ ಒಬ್ಬನೇ ಮಗ, ಹಲಗಯ್ಯ. ವಯಸ್ಸು ಮೂವತ್ತು, ಬುದ್ಧಿ ಮೂರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು.

ಹೊಳೆಯಾಚೆ ವೈರಿಗಳು ಬಂದಿಳಿದರು. ಹೊರಗೆ ಹೋಗಿಬಂದವರು ಕೋಟೆಬಾಗಿಲಲ್ಲಿ ‘ನಾವು ಬರುತ್ತಿದ್ದೇವೆ’ ಅಂತ ಫ್ರೆಂಚಿನಲ್ಲಿ ಅನ್ನಬೇಕು, ತಪ್ಪಿದರೆ ಗುಂಡು ಎಂದು ಕಟ್ಟಪ್ಪಣೆಯಾಯಿತು. ಸೌದೆ ತರುವವನು ಹಲಗಯ್ಯನೇ. ತಾಯಿ ಓಡಿಹೋಗಿ ದುಭಾಷಿ ಸವರಿಮುತ್ತುವಿನ ಕಾಲು ಹಿಡಿದಳು. ಅವನು ಫ್ರೆಂಚರು ಬರೆಯುವ ಹಾಗೇ ಅಕ್ಷರಕ್ಕೆ ಅಕ್ಷರ ಇಟ್ಟು ಬರೆದುಕೊಟ್ಟ: ನೂಸ್ ಅರಿವೋನ್ಸ್.

ಹಲಗಯ್ಯ ಬಾಗಿಲಲ್ಲಿ ನಿಂತು ಇದ್ದದ್ದನ್ನೆಲ್ಲ ಓದಿದ. ಕಾವಲಿನವನಿಗೆ ತಿಳಿಯಲಿಲ್ಲ. ಗುಂಡು ಕಿವಿಯ ಪಕ್ಕ ಹಾದುಹೋಯಿತು.

“ಬಾಲದಕ್ಷರ ಬರೆಯೋಕೆ, ಆಡೋಕಲ್ಲ ಕಣೋ. ಕೊನೇದನ್ನ ನುಂಗು” ಎಂದು ದುಭಾಷಿ ಬೈದ.

ಹಲಗಯ್ಯ ಆಗಲಿ ಅಂದ. ಮಾರನೆಯ ದಿನ ಬುರುಜಿನ ಮೇಲಿನವರು, ‘ವೈರಿಗಳು ಬರ್ತಾ ಇಲ್ಲ’ ಅಂತ ಕೆಳಗೆ ತಿಳಿಸು ಎಂದು ಕಳಿಸಿದರು. ಇವನು ‘ಇಲ್ಲ’ ನುಂಗಿದ. “ವೈರಿಗಳು ಬರ್ತಾ, ವೈರಿಗಳು ಬರ್ತಾ” ಎಂದು ಬೀದಿ ತುಂಬ ಓಡಿದ. ಉಳಿದದ್ದನ್ನು ಜನರ ಭಯವೇ ತುಂಬಿಕೊಂಡಿತು. ಕಾಳು ತುಂಬುವ ನೆಲದಡಿಯ ಹಗೇವಿಗಿಳಿದು ಅಡಗಿದ ಇಬ್ಬರು ಹೆಂಗಸರನ್ನು ಉಸಿರು ಸಿಕ್ಕಿಕೊಂಡ ಸ್ಥಿತಿಯಲ್ಲಿ ಎಳೆದು ತೆಗೆದರು.

ದುಭಾಷಿ ಮತ್ತೆ ಬೈದ. ನುಂಗುವುದು ಫ್ರೆಂಚಿನಲ್ಲಿ ಮಾತ್ರ, ಅದೂ ಪೂರ್ತಿಯಲ್ಲ. ಮುಂದೆ ಸ್ವರ ಬಂದರೆ ಬಾಲದ ‘ಸ್’ ‘ಜ್’ ಆಗಿ ಹೋಗಿ ಅದರ ತಲೆಗೆ ಅಂಟುತ್ತದೆ ಎಂದು ಬಿಡಿಸಿ ಹೇಳಿದ. ನೂ-ಜಾ-ರಿ-ವೋಂ. ನಾಲ್ಕೇ ತುಂಡು.

ಹಲಗಯ್ಯ ಮೂರು ದಿನ ಅದನ್ನೇ ಜಪಿಸಿದ. ನಾಲ್ಕನೆಯ ದಿನ ಒಬ್ಬನೇ ಬಂದು ಸರಿಯಾಗಿಯೇ ಅಂದ. ಕಾವಲಿನವರು ಅವನನ್ನು ಕೆಡವಿಕೊಂಡು, ಉಳಿದವರೆಲ್ಲಿ ಎಂದು ಸುತ್ತಲ ಪೊದೆಗಳಿಗೆಲ್ಲ ಭರ್ಜಿ ಚುಚ್ಚಿ ನೋಡಿದರು.

“ಅದು ‘ನಾವು’ ಅನ್ನೋ ರೂಪ. ಒಬ್ಬನಾದರೆ ಕ್ರಿಯಾಪದದ ರೂಪವೇ ಬೇರೆ, ಅದು ನಿನ್ನ ತಲೆಗೆ ಹತ್ತೋದಿಲ್ಲ. ಇನ್ನು ಒಬ್ಬನೇ ಬರಬೇಡ” ಎಂದ ದುಭಾಷಿ.

ಅವತ್ತಿನಿಂದ ತಾಯಿಯೇ ಜೊತೆಗೆ ಹೋದಳು. ಒಂದು ಬೆಳಿಗ್ಗೆ ದಟ್ಟ ಮಂಜು. ಒಲೆ ಬಿಟ್ಟು ಏಳಲಾಗದೆ, ಬರುವಾಗ ಯಾರನ್ನಾದರೂ ಜೊತೆ ಮಾಡಿಕೊಂಡು ಬಾ ಅಂದಳು.

ಹಲಗಯ್ಯ ಸೌದೆ ಹೊತ್ತು ಹುಡುಕಿದ. ಯಾರೂ ಇಲ್ಲ. ಒಬ್ಬನೇ ಹೋದರೆ ಗುಂಡು ಎಂದು ಹೊಳೆಯ ಕಡೆಗೆ ನಡೆದ. ಹೊಳೆದಂಡೆಯ ಜೊಂಡಿನಲ್ಲಿ ಕೆಲವರು ಕೋವಿ ತಬ್ಬಿಕೊಂಡು ಬೋರಲು ಮಲಗಿದ್ದರು. ಅಣ್ಣಾ, ಬಾಗಿಲ ತನಕ ಒಬ್ಬರು ಬರ್ತೀರಾ ಎಂದು ಕೈಮುಗಿದ.

ಅವರಲ್ಲೊಬ್ಬ ಮೆಲ್ಲಗೆ ಕೇಳಿದ: “ಒಬ್ಬ ಸಾಕೋ, ಎಲ್ಲರೂ ಬರೋಣವೋ?”

‘ನಾವು’ ಅಂದರೆ ಎಷ್ಟು ಜನ ಅಂತ ದುಭಾಷಿ ಹೇಳಿರಲಿಲ್ಲ. ಹೆಚ್ಚಿದ್ದರೆ ಒಳ್ಳೆಯದೇ ಅನ್ನಿಸಿತು.

“ಎಲ್ಲರೂ ಬನ್ನಿ” ಅಂದ.

ಮಂಜಿನೊಳಗಿಂದ ಕಾವಲಿನವನು ಯಾರು ಎಂದು ಕೇಳಿದ. ನೂ-ಜಾ-ರಿ-ವೋಂ ಎಂದ ಹಲಗಯ್ಯ. ಅಷ್ಟು ಚೊಕ್ಕಟವಾಗಿ ಅವನೆಂದೂ ಅಂದಿರಲಿಲ್ಲ. ಬಾಗಿಲು ತೆರೆಯಿತು. ಒಲೆಯ ಮುಂದಿದ್ದ ಚಲುವಮ್ಮ ಮಗನ ದನಿ ಕೇಳಿ, ಸದ್ಯ ನಾಲಿಗೆ ತಿರುಗಿತಲ್ಲ ಎಂದು ಉಸಿರು ಬಿಟ್ಟಳು. ಅವನ ಹಿಂದೆ ಹೆಜ್ಜೆಗಳ ಸದ್ದು ಬಂತು. ಬರುತ್ತಲೇ ಇತ್ತು, ನಿಲ್ಲಲೇ ಇಲ್ಲ.