ಸಾವಿರ ಸಿಸಿಯ ಸೌಟು

"ಮಾವ, ಯಾವ ಅಳತೆಯ ಇಂಜೆಕ್ಟರ್ ಹಾಕಲಿ?" ಎಂದು ದಾಕ್ಷಾಯಿಣಿ ಕೇಳಿದಳು.

ದಾಕ್ಷಾಯಿಣಿ ನನ್ನ ಅಕ್ಕನ ಮಗಳು. ನಾಲ್ಕು ವರ್ಷದಿಂದ ನನ್ನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ. ನನ್ನಂಥವನ ಹತ್ತಿರ ಕಲಿಯಲು ಜರ್ಮನಿಯಿಂದ ಜನ ಬರಬೇಕಿತ್ತು. ನೇರ ಬಸ್ಸಿಲ್ಲದ್ದಕ್ಕೆ ಬಂದಿಲ್ಲ, ಅಷ್ಟೆ.

ಅವಳ ಮುಂದೆ ಇಟ್ಟಿಗೆ ಗೂಡಿನ ಓಂಕಾರಪ್ಪನವರ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದಕ್ಕೆ ಹೊಸದಾಗಿ ದೊಡ್ಡ ಟರ್ಬೊ ಕೂರಿಸಿದ್ದೆವು. ಟರ್ಬೊ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು. ಆ ಪೆಟ್ರೋಲನ್ನು ಚಿಮ್ಮಿಸುವ ಪುಟ್ಟ ನಳಿಕೆಯೇ ಇಂಜೆಕ್ಟರ್. ಕಾರಿನ ಹಳೆಯ ಇಂಜೆಕ್ಟರುಗಳು ನಿಮಿಷಕ್ಕೆ ಮುನ್ನೂರು ಸಿಸಿ ಪೆಟ್ರೋಲ್ ಕೊಡುವಂಥವು. ಪಕ್ಕದ ಬೆಂಚಿನ ಮೇಲೆ ಎರಡು ಹೊಸ ಡಬ್ಬಿಗಳಿದ್ದವು. ಒಂದರಲ್ಲಿ ಐನೂರೈವತ್ತರವು, ಇನ್ನೊಂದರಲ್ಲಿ ಸಾವಿರದವು.

ಇದು ನಾನು ಪೂರ್ತಿಯಾಗಿ ಅವಳ ಕೈಗೆ ಬಿಟ್ಟ ಮೊದಲ ಕಾರು. ಪೆಟ್ರೋಲ್ ಸಾಲದೆ ಹೋದರೆ ಪಿಸ್ಟನ್ ಕಾದು ತೂತು ಬೀಳುತ್ತದೆ. ಅಳತೆ ಮೀರಿದರೆ ಪ್ಲಗ್ ಕಪ್ಪಾಗಿ ಎಂಜಿನ್ ಕೆಮ್ಮುತ್ತದೆ. ಎರಡರಲ್ಲಿ ಯಾವುದೇ ಆದರೂ ಊರು ಆಡಿಕೊಳ್ಳುವುದು ಅವಳನ್ನೇ. ನನ್ನನ್ನು ಆಡಿಕೊಳ್ಳಲು ಊರಿಗೆ ಧೈರ್ಯವಿಲ್ಲ.

"ಓಂಕಾರಪ್ಪನವರು ಏನೆನ್ನುತ್ತಾರೆ?" ಎಂದು ಕೇಳಿದೆ.

"ಸಾವಿರದ್ದೇ ಹಾಕು ಅಂತಾರೆ. ಭಾನುವಾರ ಘಾಟಿಯಲ್ಲಿ ಓಡಿಸಬೇಕಂತೆ. ಮಿಕ್ಕ ದಿನ ಅವರ ತಾಯಿಯನ್ನು ಕೂರಿಸಿಕೊಂಡು ಪೇಟೆಬೀದಿಯಲ್ಲಿ ಆಸ್ಪತ್ರೆಗೆ ಹೋಗಬೇಕಂತೆ. ಸಂಜೆ ಬರ್ತಾರೆ. ದೊಡ್ಡದು ಹಾಕಿದರೆ ಎರಡಕ್ಕೂ ಆಗುತ್ತಲ್ಲ ಮಾವ?"

ನಾನು ಕಣ್ಣು ಮುಚ್ಚಿದೆ. ನಾನು ಕಣ್ಣು ಮುಚ್ಚಿದರೆ ಮೂರು ಜಿಲ್ಲೆಯ ಎಂಜಿನ್ನುಗಳು ಸದ್ದು ತಗ್ಗಿಸುತ್ತವೆ. ಆಮೇಲೆ ಈ ಕತೆ ಹೇಳಿದೆ.

ನನ್ನ ಮುತ್ತಜ್ಜನ ಕಾಲದಲ್ಲಿ ಒಬ್ಬ ವ್ಯಾಪಾರಿ ತನ್ನ ಮಗಳ ಮದುವೆ ಮಾಡಿದ. ಮೂರು ದಿನದ ಮದುವೆ. ಬೀಗರು ಪೈಲ್ವಾನರ ಮನೆತನದವರು. ಹದಿನಾರು ಪೈಲ್ವಾನರು ಒಟ್ಟಿಗೆ ನಡೆದು ಬಂದರು. ಅವರ ಹೆಜ್ಜೆಗೆ ಊರಬಾವಿಯ ನೀರು ತುಳುಕಿ ಬೀದಿಗೆ ಬಂತು. ಅವರ ಜೊತೆಯಲ್ಲಿ ವರನ ಅಜ್ಜಿಯೂ ಬಂದಳು. ಅಜ್ಜಿ ಎಷ್ಟು ಹಗುರವೆಂದರೆ, ಯಾರಾದರೂ ಬೀಸಣಿಗೆ ಬೀಸಿದರೆ ಇಬ್ಬರು ಅವಳ ಸೆರಗು ಹಿಡಿದುಕೊಳ್ಳಬೇಕಿತ್ತು.

ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಮೂರು ದಿನದ ಊಟವೂ ನೆಟ್ಟಗೆ ಮುಗಿದರೆ ಮಾತ್ರ ಬೀಗರು ಹೆಣ್ಣನ್ನು ಕರೆದುಕೊಂಡು ಹೋಗುವರು. ನಡುವೆ ಎಲೆ ಬಿಟ್ಟು ಎದ್ದರೆ ಸಂಬಂಧ ಅಲ್ಲಿಗೆ ಮುರಿದಂತೆ.

ಸಾರು ಬಡಿಸಲು ಒಬ್ಬನಿದ್ದ. ಅವನ ಮುಂದೆ ಒಬ್ಬ ಅನ್ನ ಹಾಕುತ್ತ ಹೋಗುವನು. ಹಿಂದೆಯೇ ಇವನು ಸಾರು ಹಾಕುತ್ತ ಬರಬೇಕು. ಅನ್ನ ನೆನೆಯಬೇಕು, ಎಲೆಯಿಂದಾಚೆ ಹರಿಯಬಾರದು. ಇಷ್ಟೇ ಅವನ ಕಸುಬು.

ಮೊದಲ ದಿನ ಅವನು ಮನೆಯ ಹಳೆಯ ಸೌಟನ್ನೇ ಹಿಡಿದ. ಅದು ಅಂಗೈಯಷ್ಟಿತ್ತು. ಅನ್ನ ಹಾಕುವವನು ಹೊಸಬ, ಬಿರುಗಾಳಿಯಂಥವನು. ಎಲೆಯ ಮೇಲೆ ಬೆಟ್ಟ ಕಟ್ಟಿ ಮುಂದೆ ಹೋಗಿಬಿಡುತ್ತಿದ್ದ. ಸಾರಿನವನು ಬಗ್ಗಿದ, ಎದ್ದ, ಬಗ್ಗಿದ. ಸೌಟು ಬಕೀಟಿಗೂ ಎಲೆಗೂ ನಡುವೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಅವನ ತೋಳು ಕಾದು ಹೊಗೆಯಾಡಿತು. ಆದರೂ ಅನ್ನ ಒಣಗಿಯೇ ಉಳಿಯಿತು. ಹಸಿದ ಪೈಲ್ವಾನರು ಒಣ ಅನ್ನವನ್ನೇ ನುಂಗಿದರು. ಹದಿನಾರು ಮಂದಿಗೂ ಒಟ್ಟಿಗೆ ಬಿಕ್ಕಳಿಕೆ ಹಿಡಿಯಿತು. ಮೊದಲ ಬಿಕ್ಕಿಗೆ ಚಪ್ಪರ ಹಾರಿತು. ಎರಡನೆಯ ಬಿಕ್ಕಿಗೆ ಅದು ವಾಪಸ್ಸು ಬಂದು ಕಂಬದ ಮೇಲೆ ಕೂತಿತು. ಪೈಲ್ವಾನರು ಎಲೆ ಬಿಟ್ಟು ಏಳಲು ಮೊಣಕಾಲು ಎತ್ತಿದರು. ವ್ಯಾಪಾರಿ ಓಡಿ ಬಂದು ಕೈಮುಗಿದು ಕೂರಿಸಿದ.

"ನಾವು ಒಬ್ಬೊಬ್ಬರು ಒಂದೊಂದು ಕೊಡ ಸಾರು ಕುಡಿಯುವವರು, ಗೊತ್ತೇನು?" ಎಂದು ಪೈಲ್ವಾನರು ಮೀಸೆ ತಿರುವಿದರು.

ವ್ಯಾಪಾರಿ ಆ ಮಾತನ್ನು ನಂಬಿದ. ಎರಡನೆಯ ದಿನ ತಾನೇ ಒಂದು ಸೌಟು ತಂದುಕೊಟ್ಟ. ಅದರಲ್ಲಿ ಕೂಸನ್ನು ಮಲಗಿಸಿ ತೂಗಬಹುದಿತ್ತು. ಊರಿನಲ್ಲಿ ಅಷ್ಟು ದೊಡ್ಡ ಸೌಟು ಬೇರೆ ಇರಲಿಲ್ಲ. ವ್ಯಾಪಾರಿ ಅದನ್ನು ಬೀಗರಿಗೆಲ್ಲ ತೋರಿಸಿಕೊಂಡು ಬಂದ.

ಪೈಲ್ವಾನರ ಸಾಲಿನಲ್ಲಿ ಕೆಲಸ ಸೊಗಸಾಗಿ ನಡೆಯಿತು. ಒಂದು ಸಲ ಸುರಿದರೆ ಅನ್ನದ ಬೆಟ್ಟವೇ ನೆನೆಯುತ್ತಿತ್ತು. ಸಾರಿನವನು ಬಡಿಸುತ್ತಲೇ ಹಾಡು ಹೇಳಿಕೊಂಡ. ಸಾಲಿನ ಕೊನೆಯಲ್ಲಿ ಅಜ್ಜಿ ಕೂತಿದ್ದಳು. ಅವಳ ಎಲೆಯ ಮೇಲೆ ಒಂದು ಹಿಡಿ ಅನ್ನವಿತ್ತು. "ಸ್ವಲ್ಪ ಹಾಕಪ್ಪ," ಎಂದಳು.

ದೊಡ್ಡ ಸೌಟಿಗೆ ಸ್ವಲ್ಪ ಎಂಬುದು ಗೊತ್ತಿಲ್ಲ. ಅವನು ಇಷ್ಟೇ ಇಷ್ಟು ಬಾಗಿಸಿದ. ಒಂದು ಹನಿಯೂ ಬೀಳಲಿಲ್ಲ. ಇನ್ನೊಂದು ಕೂದಲೆಳೆಯಷ್ಟು ಬಾಗಿಸಿದ. ಅರ್ಧ ಬಕೀಟು ಬಿತ್ತು. ಅಜ್ಜಿ ಅನ್ನದಲ್ಲಿ ಕಟ್ಟೆ ಕಟ್ಟಿದಳು. ಕಟ್ಟೆ ಒಡೆಯಿತು. ಎಲೆ ತೇಲಿತು. ಅಜ್ಜಿಯೂ ತೇಲಿದಳು. ಉಪ್ಪಿನಕಾಯಿ ಕಚ್ಚಿಕೊಂಡೇ ಮೂರು ಪಂಕ್ತಿ ದಾಟಿ ಹೋಗಿ ಪುರೋಹಿತರ ಪಕ್ಕದಲ್ಲಿ ನಿಂತಳು.

"ಮಾವ, ಸಾರಿನಲ್ಲಿ ಯಾರಾದರೂ ತೇಲ್ತಾರಾ?" ಎಂದು ದಾಕ್ಷಾಯಿಣಿ ನಡುವೆ ಬಾಯಿ ಹಾಕಿದಳು.

"ಆ ಸಾರಿನಲ್ಲಿ ನಾನೇ ಈಜಿದ್ದೇನೆ."

"ಆಗ ನೀವು ಹುಟ್ಟೇ ಇರಲಿಲ್ಲವಲ್ಲ."

"ಹುಟ್ಟುವ ಮೊದಲೇ ಈಜು ಕಲಿತವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ. ಮುಂದೆ ಕೇಳು."

ಅಜ್ಜಿ ಕೆಮ್ಮಿದಳು, ಉಸಿರು ನಿಂತಂತಾಗಿ ಮತ್ತೆ ಕೆಮ್ಮಿದಳು. ಅದನ್ನು ಕಂಡು ಹದಿನಾರು ಪೈಲ್ವಾನರೂ ಮತ್ತೆ ಮೊಣಕಾಲು ಎತ್ತಿದರು. ಈ ಸಲ ವ್ಯಾಪಾರಿ ಸಾರಿನಲ್ಲೇ ಅಡ್ಡಬಿದ್ದ. ಆಮೇಲೆ ಎದ್ದು ಸಾರಿನವನಿಗೆ ಹೇಳಿದ: "ಇನ್ನು ಉಳಿದಿರುವುದು ಒಂದೇ ಊಟ. ಅದೂ ಕೆಟ್ಟರೆ ನನ್ನ ಮಗಳು ನನ್ನ ಮನೆಯಲ್ಲೇ ಉಳಿಯುತ್ತಾಳೆ. ನೀನು ನಿನ್ನ ಮನೆಯಲ್ಲಿ ಉಳಿಯುತ್ತೀಯ. ಈ ಊರಿನಲ್ಲಿ ಯಾರೂ ನಿನ್ನನ್ನು ಬಡಿಸಲು ಕರೆಯುವುದಿಲ್ಲ."

ಸಾರಿನವನು ಯೋಚಿಸಿದ. ಎರಡು ದಿನವೂ ಅವನು ಸೌಟನ್ನು ನೋಡಿದ್ದ, ಪೈಲ್ವಾನರ ಮೀಸೆಯನ್ನು ನೋಡಿದ್ದ. ಅನ್ನದ ಬುಟ್ಟಿಯನ್ನು ಮಾತ್ರ ನೋಡಿರಲಿಲ್ಲ. ಮೂರನೆಯ ದಿನ ಬೆಳಗ್ಗೆ ಅವನು ಅನ್ನ ಹಾಕುವವನ ಹತ್ತಿರ ಹೋಗಿ ಕೇಳಿದ: "ಒಬ್ಬ ಪೈಲ್ವಾನನಿಗೆ ಹೆಚ್ಚೆಂದರೆ ಎಷ್ಟು ಅನ್ನ ಹಾಕುತ್ತೀಯ?"

"ಮೂರು ತಟ್ಟೆ. ಅವನು ಏನೇ ಕೂಗಾಡಲಿ, ಅದಕ್ಕಿಂತ ಹೆಚ್ಚು ಹಾಕಲು ನನ್ನ ಬುಟ್ಟಿಯಲ್ಲಿಲ್ಲ."

ಸಾರಿನವನು ಮೂರು ತಟ್ಟೆ ಅನ್ನವನ್ನು ಎಲೆಯ ಮೇಲೆ ಹಾಕಿಸಿ, ಅದು ನೆನೆಯಲು ಎಷ್ಟು ಸಾರು ಬೇಕೆಂದು ಅಳೆದ. ಒಂದು ಕೊಡವಲ್ಲ, ಅದರ ಕಾಲು ಭಾಗವೂ ಬೇಕಾಗಲಿಲ್ಲ. ಒಬ್ಬ ಪೈಲ್ವಾನನ ಮುಂದೆ ನಿಲ್ಲುವ ಹೊತ್ತಿನಲ್ಲಿ ಐದು ಸಲ ಬಗ್ಗಿ ಏಳಬಹುದಿತ್ತು. ನಾಲ್ಕೇ ಸಲಕ್ಕೆ ಅನ್ನ ನೆನೆಯುವಂಥ ಸೌಟನ್ನು ಅವನು ಆರಿಸಿದ. ಐದನೆಯ ಸಲದ ಹೊತ್ತನ್ನು ತೋಳಿನ ಬಿಡುವಿಗೆ ಇಟ್ಟುಕೊಂಡ. ಆಮೇಲೆ ಅದೇ ಸೌಟಿನಿಂದ ಒಂದು ಹಿಡಿ ಅನ್ನದ ಮೇಲೆ ನಾಲ್ಕು ಹನಿ ಹಾಕಿ ನೋಡಿದ. ನಾಲ್ಕೇ ಹನಿ ಬಿತ್ತು. ಅದು ನೋಡಲು ಏನೂ ದೊಡ್ಡ ಸೌಟಲ್ಲ. ವ್ಯಾಪಾರಿ ಕಂಡು ಹಣೆ ಚಚ್ಚಿಕೊಂಡ.

ಆ ದಿನ ಪೈಲ್ವಾನರು ತಲೆ ಎತ್ತದೆ ಉಂಡರು. ಉಂಡು ತೇಗಿದ ಗಾಳಿಗೆ ಊರಿನವರ ಬಟ್ಟೆಗಳೆಲ್ಲ ಒಂದೇ ಸಲಕ್ಕೆ ಒಣಗಿದವು. ಅಜ್ಜಿ ಇನ್ನೊಂದು ಹಿಡಿ ಅನ್ನ ಹಾಕಿಸಿಕೊಂಡಳು. ಒಂದೇ ಊಟದಲ್ಲಿ ಎರಡನೆಯ ಸಲ ಅನ್ನ ಕೇಳಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಊಟ ಮುಗಿಯಿತು. ಹೆಣ್ಣು ಗಾಡಿ ಹತ್ತಿದಳು.

ನಾನು ಕತೆ ನಿಲ್ಲಿಸಿದೆ. ದಾಕ್ಷಾಯಿಣಿ ಡಬ್ಬಿಗಳನ್ನು ಬಿಟ್ಟು ಟರ್ಬೊ ಜೊತೆ ಬಂದಿದ್ದ ಕಾಗದವನ್ನು ಹುಡುಕಿದಳು. ಓದಿದಳು. ಕಾರಿನ ಮಡ್ಗಾರ್ಡಿನ ಧೂಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆದಳು.

"ಈ ಟರ್ಬೊ ಎಷ್ಟೇ ಊದಿದರೂ ಇನ್ನೂರೈವತ್ತು ಕುದುರೆಶಕ್ತಿಗೆ ಆಗುವಷ್ಟೇ ಗಾಳಿ," ಎಂದಳು. "ಇರುವುದು ನಾಲ್ಕು ಇಂಜೆಕ್ಟರ್. ಪೂರ್ತಿ ತುಳಿದಾಗ ಒಂದೊಂದಕ್ಕೆ ನಾನೂರು ಸಿಸಿ ಬೇಕು. ಸಾರಿನವನಂತೆ ತೋಳಿಗೆ ಬಿಡುವು ಕೊಟ್ಟರೆ ಐನೂರರದ್ದು ಬೇಕು. ಹಳೆಯದು ಸಾಲಲ್ಲ. ಸಾವಿರದ್ದು ಹಾಕಿದರೆ ಪೇಟೆಬೀದಿಯಲ್ಲಿ ಓಂಕಾರಪ್ಪನವರ ತಾಯಿಯನ್ನು ಕೂರಿಸಿಕೊಂಡು ಕಾರು ಕೆಮ್ಮುತ್ತೆ. ಐನೂರೈವತ್ತೇ ಸರಿ ಮಾವ."

ನನಗೆ ಎಷ್ಟು ಖುಷಿಯಾಯಿತೆಂದರೆ, ಗ್ಯಾರೇಜಿನ ಮೂರು ಕಾರುಗಳು ಕೀಲಿ ಹಾಕದೆಯೇ ಚಾಲೂ ಆಗುವುದರಲ್ಲಿದ್ದವು. ನಾನೇ ತಡೆದು ನಿಲ್ಲಿಸಿದೆ.

ಅವಳು ಸಾವಿರದ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟಳು. ನಾಲ್ಕು ಇಂಜೆಕ್ಟರುಗಳನ್ನೂ ಕೂರಿಸಿ, ಕಾರಿನ ಕಂಪ್ಯೂಟರಿಗೆ ಹೊಸ ಅಳತೆ ಹೇಳಿಕೊಟ್ಟು, ಕೀಲಿ ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಎದ್ದು, ಹೊಟ್ಟೆ ತಂಪಾದ ಬೆಕ್ಕಿನಂತೆ ಗುರುಗುಟ್ಟಿತು. ಅವಳ ಮುಖ ಅರಳಿತು. ಅಷ್ಟರಲ್ಲಿ ರಸ್ತೆಯಾಚೆ ಓಂಕಾರಪ್ಪನವರ ಸ್ಕೂಟರ್ ಕಾಣಿಸಿತು. ಹಿಂದೆ ಅವರ ಗೆಳೆಯರ ಇನ್ನೆರಡು ಸ್ಕೂಟರುಗಳಿದ್ದವು. ಅವಳ ಮುಖ ಮತ್ತೆ ಚಿಕ್ಕದಾಯಿತು.

"ಮಾವ, ಅವರು ಸಾವಿರ ಸಾವಿರ ಅಂತ ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಈಗ ಬರೀ ಐನೂರೈವತ್ತು ಅಂದರೆ ಕಾರನ್ನು ಬೇರೆ ಗ್ಯಾರೇಜಿಗೆ ತಗೊಂಡು ಹೋಗ್ತಾರೆ. ನನ್ನ ಮೊದಲ ಕಾರು ಮಾವ. ಅವರು ಅಳತೆ ಕೇಳಿದರೆ ಏನು ಹೇಳಲಿ?"

ನಾನು ಎಂಜಿನ್ ಆರಿಸಿ, ಕಾರಿನ ಕೀಲಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಹೇಳಿದೆ: "ಮೊದಲು ಓಡಿಸಲು ಕೊಡು, ಹೊಟ್ಟೆ ತುಂಬಿದವನು ಸೌಟಿನ ಅಳತೆ ಕೇಳುವುದಿಲ್ಲ."